ಹಕ್ ಫಿನ್ ಹರಿದುಹಾಕಿದ ಕಾಗದ

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಮೊದಲ ವರ್ಷದ ವಿದ್ಯಾರ್ಥಿನಿ. ಬ್ರಿಟಿಷ್ ಮತ್ತು ಅಮೆರಿಕನ್ ಸಾಹಿತ್ಯ ತನ್ನ ಕಾಲದ ಸಮಾಜದ ಧೋರಣೆಗಳನ್ನು ಪ್ರಶ್ನಿಸುತ್ತದೆ ಎಂದು ಎಲ್ಲ ಗೈಡುಗಳಲ್ಲೂ ಬರೆದಿರುತ್ತಾರೆ. ಆದರೆ ಆ ಲೇಖಕರೂ ಅದೇ ಸಮಾಜದಲ್ಲಿ ಹುಟ್ಟಿ ಬೆಳೆದವರಲ್ಲವೇ? ಸುತ್ತಲಿನವರೆಲ್ಲ ಸರಿ ಎನ್ನುವುದು ಅವರಿಗೆ ಮಾತ್ರ ತಪ್ಪಾಗಿ ಕಂಡದ್ದು ಹೇಗೆ? ಕೃತಿಯೊಳಗೆ ಈ ಪ್ರಶ್ನೆ ಏಳುವುದು ಎಲ್ಲಿ? ಮತ್ತು ಇದರಿಂದ ಸಮಾಜ ನಿಜವಾಗಿ ಬದಲಾಗಿದೆಯೇ?

ಉತ್ತರ: ಗೈಡುಗಳ ಆ ವಾಕ್ಯ ಸುಳ್ಳಲ್ಲ. ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ಒಂದು ತಪ್ಪು ಚಿತ್ರ ಮೂಡುತ್ತದೆ: ಜನರೆಲ್ಲ ಕುರುಡರು, ಲೇಖಕನೊಬ್ಬನಿಗೆ ಕಣ್ಣಿದೆ, ಅವನು ಎತ್ತರದಲ್ಲಿ ನಿಂತು ಬುದ್ಧಿ ಹೇಳುತ್ತಿದ್ದಾನೆ. ಹಾಗೆ ಬುದ್ಧಿ ಹೇಳುವ ಪುಸ್ತಕಗಳು ಎರಡೂ ದೇಶಗಳಲ್ಲಿ ಬೇಕಾದಷ್ಟು ಬಂದವು, ಬಂದಷ್ಟೇ ಬೇಗ ಮರೆತೂ ಹೋದವು. ಉಳಿದುಕೊಂಡ ಕೃತಿಗಳಲ್ಲಿ ಹಲವು ಬೇರೆ ದಾರಿ ಹಿಡಿದವು. ರೂಢಿಯ ನಂಬಿಕೆಯೊಂದಿಗೆ ವಾದಕ್ಕಿಳಿಯದೆ, ಆ ನಂಬಿಕೆಗೇ ಮಾತಾಡಲು ಬಿಟ್ಟು, ಅದು ಪೂರ್ತಿ ಹೇಳಿ ಮುಗಿಸುವವರೆಗೆ ಅಡ್ಡಬಾಯಿ ಹಾಕದೆ ಕುಳಿತವು. ಲೇಖಕ ಅದೇ ಸಮಾಜದಲ್ಲಿ ಬೆಳೆದದ್ದು ಈ ಕೆಲಸಕ್ಕೆ ತೊಡಕಾಗುವ ಬದಲು ಬಂಡವಾಳವಾಗುತ್ತದೆ. ಚಿಕ್ಕಂದಿನಿಂದ ಕೇಳಿ ಬಾಯಿಪಾಠವಾದ ದನಿಯನ್ನು ಹೊರಗಿನವನು ಅಷ್ಟು ಕರಾರುವಾಕ್ಕಾಗಿ ಹೊರಡಿಸಲಾರ.

ಇದಕ್ಕೆ ತೀರ ಚಿಕ್ಕ, ತೀರ ಕಠೋರ ಉದಾಹರಣೆ ಜೊನಾಥನ್ ಸ್ವಿಫ್ಟ್ 1729ರಲ್ಲಿ ಡಬ್ಲಿನ್‌ನಿಂದ ತನ್ನ ಹೆಸರು ಹಾಕದೆ ಹೊರತಂದ ‘ಎ ಮಾಡೆಸ್ಟ್ ಪ್ರಪೋಸಲ್’ ಎಂಬ ಕಿರುಹೊತ್ತಗೆ. ಐರ್ಲೆಂಡಿನ ಬಡತನಕ್ಕೆ ಅದು ಸೂಚಿಸುವ ಪರಿಹಾರ ಇಷ್ಟೆ: ವರ್ಷ ತುಂಬಿದ ಬಡವರ ಕೂಸುಗಳನ್ನು ಉಳ್ಳವರ ಊಟದ ಮೇಜಿಗೆ ಮಾರುವುದು. ವರ್ಷಕ್ಕೆ ಹುಟ್ಟುವ ಬಡ ಮಕ್ಕಳು 1,20,000. ತಳಿಗೆಂದು 20,000 ಉಳಿಸಿಕೊಂಡರೆ ಮಾರಾಟಕ್ಕೆ ಒಂದು ಲಕ್ಷ ಸಿಗುತ್ತದೆ. ಇದನ್ನು ಹೇಳುವವನು ರಾಕ್ಷಸನಂತೆ ಮಾತಾಡುವುದಿಲ್ಲ. ದೇಶದ ಹಿತಕ್ಕಾಗಿ ನಿದ್ದೆಗೆಟ್ಟ ಸಭ್ಯ ಗೃಹಸ್ಥನ ಹಾಗೆ ಖರ್ಚು, ಉಳಿತಾಯ, ಲಾಭ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಬಡವರನ್ನು ಅಂಕಿಗಳಾಗಿ ಎಣಿಸುವ ಇಂಥ ಯೋಜನೆಗಳು ಆಗ ಗಂಭೀರವಾಗಿಯೇ ಅಚ್ಚಾಗುತ್ತಿದ್ದವು. ಸ್ವಿಫ್ಟ್ ಅವುಗಳ ಭಾಷೆಯನ್ನು ಹಾಗೆಯೇ ಎತ್ತಿಕೊಂಡು ಸರಕನ್ನು ಮಾತ್ರ ಬದಲಿಸಿದ. ತಂದೆತಾಯಿಯರನ್ನು ಆಗಲೇ ತಿಂದು ತೇಗಿರುವ ಜಮೀನ್ದಾರರಿಗೆ ಮಕ್ಕಳ ಮೇಲೂ ಮೊದಲ ಹಕ್ಕು ಇರಬೇಕು ಎಂಬರ್ಥದ ಒಂದೇ ಒಂದು ಸಾಲಿನಲ್ಲಿ ಲೇಖಕನ ಸ್ವಂತ ಸಿಟ್ಟು ಮುಖವಾಡದ ಸಂದಿಯಿಂದ ಇಣುಕುತ್ತದೆ.

ವಿಡಂಬನೆಯಲ್ಲಿ ಲೇಖಕನಿಗೆ ತಾನು ಮಾಡುತ್ತಿರುವುದು ಗೊತ್ತು, ಓದುಗರಿಗೂ ಗೊತ್ತು. ಅದಕ್ಕಿಂತ ಕಷ್ಟದ ಕೆಲಸವೆಂದರೆ ರೂಢಿಯ ನಂಬಿಕೆ ಒಬ್ಬ ಒಳ್ಳೆಯ ಮನುಷ್ಯನೊಳಗೆ ಹೇಗೆ ಮನೆ ಮಾಡಿಕೊಂಡಿರುತ್ತದೆ ಎಂದು ತೋರಿಸುವುದು. ನಿಮ್ಮ ‘ಎಲ್ಲಿ’ ಎಂಬ ಪ್ರಶ್ನೆಗೆ ನಾನು ಬೆರಳಿಟ್ಟು ತೋರಿಸುವ ಜಾಗ ಇದೇ: ಮಾರ್ಕ್ ಟ್ವೇನ್ ಬರೆದ ‘ಹಕಲ್‌ಬೆರಿ ಫಿನ್’ ಕಾದಂಬರಿಯ 31ನೆಯ ಅಧ್ಯಾಯ.

ಮೊದಲು ಟ್ವೇನ್ ವಿಷಯ. ಹುಟ್ಟಿದ್ದು 1835ರಲ್ಲಿ, ಗುಲಾಮಗಿರಿ ಕಾನೂನುಬದ್ಧವಾಗಿದ್ದ ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ. ಶಾಲೆಗೆ ಹೋಗುವ ದಿನಗಳಲ್ಲಿ ತನಗೆ ಗುಲಾಮಗಿರಿಯ ಬಗ್ಗೆ ಹೇಸಿಗೆಯೇನೂ ಇರಲಿಲ್ಲ, ಅದರಲ್ಲಿ ತಪ್ಪಿದೆ ಎಂದೇ ತಿಳಿದಿರಲಿಲ್ಲ ಎಂದು ಆತ್ಮಕಥೆಯಲ್ಲಿ ನೇರವಾಗಿ ಬರೆದಿದ್ದಾನೆ. ಊರಿನ ಪತ್ರಿಕೆ ಅದರ ವಿರುದ್ಧ ಚಕಾರವೆತ್ತುತ್ತಿರಲಿಲ್ಲ. ದೇವರಿಗೂ ಅದು ಒಪ್ಪಿಗೆ ಎಂದು ಚರ್ಚಿನ ಪಾದ್ರಿ ಬೋಧಿಸುತ್ತಿದ್ದ. 1896ರಲ್ಲಿ ಭಾಷಣ ಯಾತ್ರೆಯ ಮೇಲೆ ಭಾರತಕ್ಕೆ ಬಂದಾಗ ಬೊಂಬಾಯಿಯ ಹೋಟೆಲಿನಲ್ಲಿ ಜರ್ಮನ್ ಸಾಹೇಬನೊಬ್ಬ ಇಲ್ಲಿನ ಆಳಿನ ದವಡೆಗೆ ಬಾರಿಸಿದ್ದನ್ನು ಅವನು ನೋಡಿದ. ಇಂಥದ್ದನ್ನು ಕಂಡು ಐವತ್ತು ವರ್ಷವಾಗಿತ್ತು, ಗುಲಾಮನಿಗೆ ನಮ್ಮ ಇಷ್ಟವನ್ನು ತಿಳಿಸುವ ಮಾಮೂಲು ವಿಧಾನ ಇದೇ ಆಗಿತ್ತೆಂಬುದು ಮರೆತೇ ಹೋಗಿತ್ತು ಎಂದು ಪ್ರವಾಸಕಥನದಲ್ಲಿ ಬರೆದ. ಹಾಗಾಗಿ ‘ಅವರಿಗೆ ಮಾತ್ರ ತಪ್ಪಾಗಿ ಕಂಡದ್ದು ಹೇಗೆ’ ಎಂಬ ನಿಮ್ಮ ಪ್ರಶ್ನೆಗೆ ಟ್ವೇನ್ ಮಟ್ಟಿಗಿನ ಉತ್ತರ: ಆಗ ಕಾಣಲಿಲ್ಲ. ಬಹಳ ತಡವಾಗಿ, ಹಿಂತಿರುಗಿ ನೋಡಿದಾಗ ಕಂಡಿತು.

ಈಗ ಆ ಅಧ್ಯಾಯ. ಹದಿಮೂರು ಹದಿನಾಲ್ಕು ವಯಸ್ಸಿನ ಪೋಲಿ ಹುಡುಗ ಹಕ್, ಓಡಿಬಂದ ಗುಲಾಮ ಜಿಮ್ ಜೊತೆ ತೆಪ್ಪದಲ್ಲಿ ಮಿಸಿಸಿಪ್ಪಿ ನದಿಯಗುಂಟ ಇಳಿದು ಬಂದಿದ್ದಾನೆ. ಜೊತೆಗೆ ಗಂಟುಬಿದ್ದ ಇಬ್ಬರು ಮೋಸಗಾರರು ನಲವತ್ತು ಡಾಲರಿಗೆ ಜಿಮ್‌ನನ್ನು ಹಿಡಿದುಕೊಟ್ಟುಬಿಟ್ಟಿದ್ದಾರೆ. ಒಬ್ಬನೇ ಕುಳಿತ ಹಕ್‌ಗೆ ಪಾಪಪ್ರಜ್ಞೆ ಕಾಡತೊಡಗುತ್ತದೆ. ಯಾವ ಪಾಪ? ಜಿಮ್ ಸೆರೆ ಸಿಕ್ಕಿದ್ದಲ್ಲ. ತನಗೆ ಯಾವ ಕೇಡನ್ನೂ ಬಗೆಯದ ಮುದುಕಿ ಮಿಸ್ ವಾಟ್ಸನ್ ಅವರ ‘ಸ್ವತ್ತನ್ನು’ ಕದಿಯಲು ತಾನು ನೆರವಾದೆನಲ್ಲ ಎಂಬ ಪಾಪ! ಭಾನುವಾರದ ಧರ್ಮಪಾಠಕ್ಕೆ ಹೋಗಿದ್ದರೆ ಇಂಥ ಕೆಲಸ ಮಾಡಿದವರು ನಿತ್ಯ ನರಕಾಗ್ನಿಗೆ ಬೀಳುತ್ತಾರೆಂದು ಕಲಿಸುತ್ತಿದ್ದರು ಎಂದು ನಡುಗುತ್ತಾನೆ. ಪ್ರಾರ್ಥನೆ ಮಾಡಲು ಹೋದರೆ ಬಾಯಿಂದ ಮಾತೇ ಬರುವುದಿಲ್ಲ. ಕೊನೆಗೆ ಕಾಗದ, ಪೆನ್ಸಿಲ್ ಹುಡುಕಿ ಮಿಸ್ ವಾಟ್ಸನ್‌ಗೆ ಬರೆಯುತ್ತಾನೆ: ನಿಮ್ಮ ಜಿಮ್ ಇಂಥ ಕಡೆ ಇದ್ದಾನೆ, ಬಹುಮಾನದ ಹಣ ಕಳಿಸಿದರೆ ಅವನನ್ನು ಒಪ್ಪಿಸುತ್ತಾರೆ. ಬರೆದ ಕೂಡಲೇ ಮನಸ್ಸು ತೊಳೆದಂತೆ ಹಗುರವಾಗುತ್ತದೆ. ಇನ್ನು ಪ್ರಾರ್ಥನೆ ಮಾಡಬಹುದು ಎನ್ನಿಸುತ್ತದೆ.

ಆದರೆ ತಕ್ಷಣ ಪ್ರಾರ್ಥನೆಗೆ ಕೂರುವುದಿಲ್ಲ, ಕಾಗದವನ್ನು ಕೆಳಗಿಟ್ಟು ಯೋಚಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಇಡೀ ಕಾದಂಬರಿಯ ಜೀವ ಈ ಬಿಡುವಿನಲ್ಲಿದೆ. ನೆನಪಿಗೆ ಬರುವುದು ಒಂದೂ ತತ್ವವಲ್ಲ. ಹಕ್‌ನ ನಿದ್ದೆ ಕೆಡದಿರಲಿ ಎಂದು ಜಿಮ್ ತನ್ನ ಪಾಳಿಯ ಮೇಲೆ ಅವನ ಪಾಳಿಯನ್ನೂ ಕಾದದ್ದು, ಮಂಜಿನಲ್ಲಿ ಕಳೆದುಹೋದವನು ಮರಳಿದಾಗ ಸಂಭ್ರಮಿಸಿದ್ದು, ಈ ಲೋಕದಲ್ಲಿ ನನಗಿರುವ ಒಬ್ಬನೇ ಗೆಳೆಯ ನೀನು ಎಂದದ್ದು. ಅಷ್ಟರಲ್ಲಿ ಕಣ್ಣು ಆ ಕಾಗದದ ಮೇಲೆ ಬೀಳುತ್ತದೆ. ಕೈಗೆತ್ತಿಕೊಂಡು, ಉಸಿರು ಬಿಗಿಹಿಡಿದು, ‘ಆಗಲಿ, ನಾನು ನರಕಕ್ಕೇ ಹೋಗುತ್ತೇನೆ’ ಎಂದು ಹರಿದುಹಾಕುತ್ತಾನೆ.

ಸಾಧಾರಣವಾಗಿ ಪರೀಕ್ಷೆಯ ಉತ್ತರಗಳಲ್ಲಿ ‘ಇಲ್ಲಿ ಹಕ್ ಗುಲಾಮಗಿರಿಯನ್ನು ಧಿಕ್ಕರಿಸುತ್ತಾನೆ’ ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಗುಲಾಮಗಿರಿ ತಪ್ಪು ಎಂದು ಹಕ್‌ಗೆ ಆ ಗಳಿಗೆಯಲ್ಲೂ ಹೊಳೆಯುವುದಿಲ್ಲ. ತಾನು ಮಾಡುತ್ತಿರುವುದು ಮಹಾಪಾಪ ಎಂದು ಪೂರ್ತಿ ನಂಬಿಕೊಂಡೇ ಅದನ್ನು ಮಾಡುತ್ತಾನೆ. ಅವನ ಅಂತಃಸಾಕ್ಷಿ ಮಾತಾಡುತ್ತಿರುವುದು ಊರಿನ ದನಿಯಲ್ಲಿ, ಪಾದ್ರಿಯ ದನಿಯಲ್ಲಿ. ಟ್ವೇನ್ ತಾನೇ 1895ರ ಟಿಪ್ಪಣಿಯೊಂದರಲ್ಲಿ ಈ ಪುಸ್ತಕದಲ್ಲಿ ನೆಟ್ಟಗಿರುವ ಹೃದಯಕ್ಕೂ ಸೊಟ್ಟಗಾದ ಅಂತಃಸಾಕ್ಷಿಗೂ ಡಿಕ್ಕಿಯಾಗಿ ಅಂತಃಸಾಕ್ಷಿ ಸೋಲುತ್ತದೆ ಎಂದಿದ್ದಾನೆ. ‘ಅಂತಃಸಾಕ್ಷಿ ಹೇಳಿದಂತೆ ನಡೆ’ ಎಂಬ, ಯಾರೂ ಅನುಮಾನಿಸದ ಉಪದೇಶವನ್ನೇ ಟ್ವೇನ್ ಇಲ್ಲಿ ಅಲುಗಾಡಿಸಿದ್ದಾನೆ. ಆ ಅಂತಃಸಾಕ್ಷಿಯನ್ನು ನಿನ್ನೊಳಗೆ ಇಟ್ಟವರು ಯಾರು ಎಂದು ಕೇಳಿದ್ದಾನೆ. ಗುಲಾಮಗಿರಿ ಕೆಟ್ಟದ್ದೆಂದು ಹೇಳುವುದಷ್ಟೇ ಕಾದಂಬರಿಯ ಕೆಲಸವಾಗಿದ್ದರೆ ಅದು ಹೊರಬಂದ ಹೊತ್ತಿಗೇ ಹಳತಾಗಿರುತ್ತಿತ್ತು: ಗುಲಾಮಗಿರಿ 1865ರಲ್ಲೇ ರದ್ದಾಗಿತ್ತು, ಪುಸ್ತಕ ಬಂದದ್ದು ಇಂಗ್ಲೆಂಡಿನಲ್ಲಿ 1884ರ ಕೊನೆಗೆ, ಅಮೆರಿಕದಲ್ಲಿ 1885ರಲ್ಲಿ.

ಮುಂದಿನ ಅಧ್ಯಾಯದಲ್ಲಿ ಇನ್ನೂ ಚಿಕ್ಕ ಜಾಗವೊಂದಿದೆ. ಸ್ಯಾಲಿ ಚಿಕ್ಕಮ್ಮ ಎಂಬ ಅಕ್ಕರೆಯ ಹೆಂಗಸಿಗೆ ಹಕ್ ಒಂದು ಸುಳ್ಳು ಹೇಳುತ್ತಾನೆ: ಹಡಗಿನ ಎಂಜಿನ್ ಸಿಡಿಯಿತು ಎಂದು. ‘ಅಯ್ಯೋ, ಯಾರಿಗಾದರೂ ಪೆಟ್ಟಾಯಿತೇ?’ ‘ಇಲ್ಲಮ್ಮ. ಒಬ್ಬ ಕರಿಯ ಸತ್ತ.’ ‘ಸದ್ಯ, ಪುಣ್ಯ. ಕೆಲವು ಸಲ ಜನರಿಗೆ ಪೆಟ್ಟಾಗುವುದುಂಟು.’ ಇಷ್ಟೇ. ನಿರೂಪಕ ಹುಬ್ಬೇರಿಸುವುದಿಲ್ಲ, ಒಂದು ಟೀಕೆಯ ಮಾತಿಲ್ಲ, ಸಂಭಾಷಣೆ ಮುಂದೆ ಸಾಗುತ್ತದೆ. ಸ್ಯಾಲಿ ಚಿಕ್ಕಮ್ಮ ಕೆಟ್ಟವಳಾಗಿದ್ದರೆ ಓದುಗ ಅವಳನ್ನು ಬೈದು ನೆಮ್ಮದಿಯಿಂದ ಇರುತ್ತಿದ್ದ. ಅವಳು ಒಳ್ಳೆಯವಳು, ನಮ್ಮ ಚಿಕ್ಕಮ್ಮಂದಿರಂತೆಯೇ ಮಗುವಿಗೆ ಉಣ್ಣಿಸುವವಳು. ಅದೇ ಇರಿಯುವುದು.

ಈ ಪುಸ್ತಕಕ್ಕೆ ಸಿಕ್ಕ ಮೊದಲ ಪೆಟ್ಟೂ ಪಾಠದಂತಿದೆ. 1885ರ ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್‌ಕರ್ಡ್ ಊರಿನ ಸಾರ್ವಜನಿಕ ಗ್ರಂಥಾಲಯ ಅದನ್ನು ಹೊರಗಿಟ್ಟಿತು. ಕಾರಣ ಜನಾಂಗದ ವಿಷಯವಲ್ಲ. ಭಾಷೆ ಒರಟು, ಹುಡುಗ ಸಭ್ಯನಲ್ಲ ಎಂಬುದು. ಇನ್ನೂ 25,000 ಪ್ರತಿಗಳು ಖರ್ಚಾಗಲಿಕ್ಕೆ ಇದೊಂದು ಸಾಕು ಎಂದು ಟ್ವೇನ್ ನಕ್ಕ. ಸಮಾಜಕ್ಕೆ ಚುಚ್ಚಿದ್ದು ಒಂದು ಕಡೆ, ಅದು ನೋವೆಂದು ಮುಟ್ಟಿಕೊಂಡು ತೋರಿಸಿದ್ದು ಇನ್ನೊಂದು ಕಡೆ. ಯಾವುದಾದರೂ ಕೃತಿಯನ್ನು ನಿಷೇಧಿಸಿದ ಸುದ್ದಿ ಸಿಕ್ಕಾಗ ಕೊಟ್ಟ ಕಾರಣವನ್ನು ಹುಡುಕಿ ಓದಿ. ಹಲವು ಬಾರಿ ಅದು ವಿಮರ್ಶೆಗಿಂತ ಹೆಚ್ಚು ಹೇಳುತ್ತದೆ. ಡಿ.ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲಿಸ್ ಲವರ್’ ಕಾದಂಬರಿಯ ಕುರಿತು 1960ರಲ್ಲಿ ಲಂಡನ್ನಿನಲ್ಲಿ ನಡೆದ ಅಶ್ಲೀಲತೆಯ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲರು, ನಿಮ್ಮ ಹೆಂಡತಿಯೋ ಆಳುಗಳೋ ಓದಲಿ ಎಂದು ನೀವು ಬಯಸುವ ಪುಸ್ತಕವೇ ಇದು ಎಂದು ಜ್ಯೂರಿಯನ್ನು ಕೇಳಿದರು. ಆ ಜ್ಯೂರಿಯಲ್ಲಿ ಹೆಂಗಸರೂ ಕುಳಿತಿದ್ದರು! ಪ್ರಕಾಶಕರು ಗೆದ್ದರು. ಲೈಂಗಿಕತೆಗಿಂತ ಹೆಚ್ಚಾಗಿ, ಪುಸ್ತಕ ಯಾರ ಕೈಗೆ ಎಟುಕಬಾರದು ಎಂಬ ಹಳೆಯ ಯಜಮಾನಿಕೆ ಅಂದು ಬಯಲಿಗೆ ಬಂತು.

ಟ್ವೇನ್‌ನನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಾದಂಬರಿಯ ಕೊನೆಯ ಭಾಗದಲ್ಲಿ ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು, ಗುಡಿಸಲಲ್ಲಿ ಕೂಡಿಹಾಕಿದ ಜಿಮ್‌ನನ್ನು ಬಿಡಿಸುವ ನೆಪದಲ್ಲಿ ಹಾವು, ಇಲಿ, ಹಗ್ಗದೇಣಿ ಎಂದು ಪುಸ್ತಕದಲ್ಲಿ ಓದಿದ ಆಟಗಳನ್ನೆಲ್ಲ ಆಡುತ್ತಾನೆ. ಮಿಸ್ ವಾಟ್ಸನ್ ಸಾಯುವ ಮುನ್ನವೇ ಜಿಮ್‌ಗೆ ಬಿಡುಗಡೆ ಬರೆದಿದ್ದಳು, ಅದು ಟಾಮ್‌ಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಕೊನೆಗೆ ತಿಳಿಯುತ್ತದೆ. ಕಾಗದದ ಮೇಲೆ ಸ್ವತಂತ್ರನಾದವನನ್ನು ಸಂಕೋಲೆಯಲ್ಲಿಟ್ಟು ಆಟವಾಡುವುದು, ಗುಲಾಮಗಿರಿಯ ವಿಷಯಕ್ಕೆ ನಡೆದ ಅಮೆರಿಕದ ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಸ್ವಾತಂತ್ರ್ಯ ಏನಾಯಿತು ಎಂಬುದರ ವ್ಯಂಗ್ಯಚಿತ್ರ ಎಂದು ಕೆಲವು ವಿಮರ್ಶಕರು ಓದುತ್ತಾರೆ. ಜಾಣ ಓದು. ಆದರೂ ಆ ಪುಟಗಳನ್ನು ಓದುವಾಗ ನನಗೆ ಮುಜುಗರವಾಗುತ್ತದೆ: ಮಂಜಿನ ರಾತ್ರಿಯಲ್ಲಿ ಹಕ್‌ನಿಂದ ಕ್ಷಮೆ ಕೇಳಿಸಿಕೊಂಡ ಘನತೆಯ ಮನುಷ್ಯ ಇಲ್ಲಿ ಮತ್ತೆ ಹುಡುಗರ ಆಟಿಕೆಯಾಗಿದ್ದಾನೆ, ನಗೆ ಅವನ ಖರ್ಚಿನಲ್ಲಿ ಹುಟ್ಟುತ್ತಿದೆ. ಟ್ವೇನ್ ತನ್ನ ಕಾಲದ ಹೊಸ್ತಿಲು ದಾಟಿದ್ದು ನಿಜ, ಆದರೆ ಒಂದು ಕಾಲು ಒಳಗೇ ಉಳಿಯಿತು. ಜಿಮ್ ಮನಸ್ಸಿನಲ್ಲಿ ಏನಿತ್ತು ಎಂದು ಅವನ ಬಾಯಿಂದಲೇ ಹೇಳಿಸುವ ಕಾದಂಬರಿಯೊಂದು 2024ರಲ್ಲಿ ಬಂತು. ಪರ್ಸಿವಲ್ ಎವರೆಟ್ ಬರೆದ ‘ಜೇಮ್ಸ್’ನಲ್ಲಿ ಜಿಮ್ ಓದು ಬಲ್ಲವನು. ಬಿಳಿಯರ ಎದುರು ಮಾತ್ರ ತೊದಲು ಭಾಷೆಯ ವೇಷ ಹಾಕುತ್ತಾನೆ. ಬದುಕಿ ಉಳಿಯಲು ಆ ವೇಷ ಹಾಕುವುದು ಹೇಗೆಂದು ಮಕ್ಕಳಿಗೂ ಪಾಠ ಹೇಳುತ್ತಾನೆ. ಅದಕ್ಕೆ 2025ರ ಪುಲಿಟ್ಜರ್ ಪ್ರಶಸ್ತಿ ಬಂತು. ಒಂದು ಕೃತಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಇನ್ನೊಂದು ಕೃತಿ ಎತ್ತಿಕೊಳ್ಳುವ ಈ ಬಗೆಗೆ ನಿಮ್ಮ ಪಠ್ಯಕ್ರಮದಲ್ಲೇ ಇನ್ನೊಂದು ಜೋಡಿ ಇರಬಹುದು: ಷಾರ್ಲೆಟ್ ಬ್ರಾಂಟಿಯ ‘ಜೇನ್ ಏರ್’ (1847), ಅದರ ಅಟ್ಟದ ಕೋಣೆಯ ಹುಚ್ಚಿಗೆ ಬದುಕು, ಮಾತು ಕೊಟ್ಟ ಜೀನ್ ರೀಸ್‌ಳ ‘ವೈಡ್ ಸಾರ್ಗಾಸೊ ಸೀ’ (1966).

ಇಂಗ್ಲೆಂಡಿಗೆ ಬರೋಣ. ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ (1854) ಎಂದ ಕೂಡಲೇ ಕಾರ್ಖಾನೆಯ ಹೊಗೆ, ಕಾರ್ಮಿಕರ ಗೋಳು ಎಂದು ಬರೆಯುತ್ತಾರೆ. ನಾನು ತೋರಿಸುವುದು ಒಂದು ತರಗತಿಯನ್ನು. ಸಿಸ್ಸಿ ಜೂಪ್ ಸರ್ಕಸ್ಸಿನವನ ಮಗಳು, ಕುದುರೆಗಳ ನಡುವೆ ಬೆಳೆದವಳು. ‘ಇಪ್ಪತ್ತನೆಯ ನಂಬರಿನ ಹುಡುಗಿ, ಕುದುರೆ ಎಂದರೇನು ಹೇಳು’ ಎಂದಾಗ ಬೆಬ್ಬಳಿಸುತ್ತಾಳೆ. ಬಿಟ್ಜರ್ ಎಂಬ ಹುಡುಗ ಎದ್ದು ನಾಲ್ಕು ಕಾಲು, ನಲವತ್ತು ಹಲ್ಲು ಎಂದು ಒದರಿ ಶಹಬ್ಬಾಸ್ ಗಿಟ್ಟಿಸುತ್ತಾನೆ. ಇದು ಪ್ರಸಿದ್ಧ ಭಾಗ. ಆದರೆ ಮುಂದೆ ಒಂಬತ್ತನೆಯ ಅಧ್ಯಾಯದಲ್ಲಿ ಸಿಸ್ಸಿ ತನ್ನ ದಡ್ಡತನವನ್ನು ಗೆಳತಿ ಲೂಯಿಸಾಗೆ ಅಳುತ್ತಾ ವರದಿ ಮಾಡುವ ಪುಟ ಅದಕ್ಕಿಂತ ಹರಿತ. ಈ ದೇಶದಲ್ಲಿ ಐದು ಕೋಟಿ ಹಣವಿದೆ ಎಂದುಕೋ, ಇದು ಸಮೃದ್ಧ ದೇಶವಲ್ಲವೇ ಎಂದು ಮೇಷ್ಟ್ರು ಕೇಳಿದರಂತೆ. ಹಣ ಯಾರ ಹತ್ತಿರ ಇದೆ, ಅದರಲ್ಲಿ ನನ್ನದೂ ಏನಾದರೂ ಇದೆಯೇ ಎಂದು ಗೊತ್ತಾಗದೆ ಹೇಗೆ ಹೇಳುವುದು ಎಂದಳಂತೆ. ಹತ್ತು ಲಕ್ಷ ಜನರ ಊರಿನಲ್ಲಿ ವರ್ಷಕ್ಕೆ ಇಪ್ಪತ್ತೈದೇ ಮಂದಿ ಬೀದಿಯಲ್ಲಿ ಹಸಿವಿನಿಂದ ಸಾಯುತ್ತಾರೆ, ಏನನ್ನುತ್ತೀ ಎಂದರೆ, ಉಳಿದವರು ಎಷ್ಟು ಲಕ್ಷವಿದ್ದರೂ ಹಸಿದವರಿಗೆ ಅಷ್ಟೇ ಕಷ್ಟವಲ್ಲವೇ ಎಂದಳಂತೆ. ‘ಅದೂ ತಪ್ಪು’ ಎಂದು ಸಿಸ್ಸಿ ಬಿಕ್ಕುತ್ತಾಳೆ. ಸರಾಸರಿಯಲ್ಲಿ ಮನುಷ್ಯನನ್ನು ಮುಳುಗಿಸುವ ಅಂದಿನ ಅರ್ಥಶಾಸ್ತ್ರದ ಗರ್ವವನ್ನು ಪೆದ್ದು ಹುಡುಗಿಯೊಬ್ಬಳು ತನಗೇ ತಿಳಿಯದೆ ಸೋಲಿಸಿದ್ದಾಳೆ. ತಂತ್ರ ಹಕ್‌ನದೇ: ಪಾತ್ರಕ್ಕೆ ತಾನು ತಪ್ಪು ಎನ್ನಿಸುತ್ತದೆ, ಓದುಗನಿಗೆ ಸರಿ ಯಾವುದೆಂದು ತಿಳಿಯುತ್ತದೆ.

ಡಿಕನ್ಸ್‌ಗೂ ಮಿತಿ ಇತ್ತು, ಟ್ವೇನ್‌ಗಿಂತ ಕಹಿಯಾದದ್ದು. ಅದೇ ಕಾದಂಬರಿಯಲ್ಲಿ ಕಾರ್ಮಿಕ ಸಂಘದ ಮುಂದಾಳು ಬಾಯಿಬಡುಕ ಖಳನಾಗುತ್ತಾನೆ. ಬಡವ ಮರುಕಕ್ಕೆ ಪಾತ್ರ, ಸಂಘಟಿತನಾದರೆ ಅಪಾಯ. ಇನ್ನು 1857ರಲ್ಲಿ ಇಲ್ಲಿ ದಂಗೆಯೆದ್ದಾಗ, ತಾನು ಭಾರತದ ಸೇನಾಧಿಪತಿಯಾಗಿದ್ದರೆ ಆ ಜನಾಂಗವನ್ನೇ ನಿರ್ನಾಮ ಮಾಡಲು ಶಕ್ತಿಮೀರಿ ದುಡಿಯುತ್ತಿದ್ದೆ ಎಂದು ಡಿಕನ್ಸ್ ಸ್ನೇಹಿತೆಯೊಬ್ಬಳಿಗೆ ಪತ್ರ ಬರೆದ. ಲಂಡನ್ನಿನ ಒಂದು ಅನಾಥ ಕೂಸಿಗೆ ಅತ್ತ ಕಣ್ಣು ಇಲ್ಲಿಯವರೆಗೆ ತಲುಪಲಿಲ್ಲ. ಇದನ್ನು ತಿಳಿದ ಮೇಲೆ ಸಿಸ್ಸಿಯ ಪುಟ ಸುಳ್ಳಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ‘ಡಿಕನ್ಸ್ ದೀನದಲಿತರ ದನಿ’ ಎಂದು ಒಂದೇ ಉಸಿರಿನಲ್ಲಿ ಬರೆಯುವ ಮುನ್ನ ಸ್ವಲ್ಪ ತಡೆಯಿರಿ.

ಜೇನ್ ಆಸ್ಟಿನ್ ಕುರಿತು ಎರಡು ಮಾತು ಸಾಕು. ‘ಪ್ರೈಡ್ ಅಂಡ್ ಪ್ರಿಜುಡಿಸ್’ (1813) ಎಂದರೆ ನಾಯಕಿ ಎಲಿಜಬೆತ್, ನಾಯಕ ಡಾರ್ಸಿ ಎಂದುಕೊಳ್ಳುತ್ತೇವೆ. ಪ್ರಶ್ನೆ ಇರುವುದು ಎಲಿಜಬೆತ್‌ಳ ಗೆಳತಿ ಶಾರ್ಲೆಟ್ ಲೂಕಸ್ ಬಳಿ. ವಯಸ್ಸು ಇಪ್ಪತ್ತೇಳು, ಆಸ್ತಿಯಿಲ್ಲ, ರೂಪವಿಲ್ಲ. ಮೂರ್ಖನೆಂದು ಚೆನ್ನಾಗಿ ಬಲ್ಲ ಪಾದ್ರಿ ಕಾಲಿನ್ಸ್‌ನನ್ನು ಕಣ್ಣು ತೆರೆದೇ ಮದುವೆಯಾಗುತ್ತಾಳೆ, ತನಗೆ ಬೇಕಾದದ್ದು ನೆಮ್ಮದಿಯ ಮನೆ ಮಾತ್ರ ಎನ್ನುತ್ತಾಳೆ. ಎಲಿಜಬೆತ್‌ಗೆ ಸಿಕ್ಕಿದ ಡಾರ್ಸಿ ಕಾದಂಬರಿಯ ವರ. ಉಳಿದ ಹುಡುಗಿಯರಿಗೆ ಆ ಕಾಲ ಕೊಡುತ್ತಿದ್ದದ್ದು ಕಾಲಿನ್ಸ್‌ನನ್ನು.

ಇನ್ನು ಬದಲಾವಣೆ. ಗುಲಾಮಗಿರಿಯನ್ನು ವಿರೋಧಿಸಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852) ಕಾದಂಬರಿ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರನ್ನು ಕಂಡು, ಈ ಮಹಾಯುದ್ಧ ಹೊತ್ತಿಸಿದ ಪುಟ್ಟ ಹೆಂಗಸು ನೀವೇನಾ ಎಂದು ಅಂತರ್ಯುದ್ಧದ ಕಾಲದ ಅಧ್ಯಕ್ಷ ಲಿಂಕನ್ ಕೇಳಿದನೆಂಬ ಕಥೆ ನಿಮ್ಮ ಗೈಡಿನಲ್ಲಿ ಖಂಡಿತ ಇರುತ್ತದೆ. ಅದಕ್ಕೆ ಸಮಕಾಲೀನ ದಾಖಲೆಯಿಲ್ಲ, ಉತ್ತರದಲ್ಲಿ ಬಳಸಬೇಡಿ. ದಾಖಲೆಯಿರುವ ಕಥೆ ಅಪ್ಟನ್ ಸಿಂಕ್ಲೇರನದು, ಅದು ಹೆಚ್ಚು ಸ್ವಾರಸ್ಯಕರವೂ ಹೌದು. ಶಿಕಾಗೊ ಕಸಾಯಿಖಾನೆಗಳಲ್ಲಿ ಲಿಥುವೇನಿಯಾದ ವಲಸೆ ಕುಟುಂಬವೊಂದು ನುಜ್ಜುಗುಜ್ಜಾಗುವುದನ್ನು ಅವನು ‘ದಿ ಜಂಗಲ್’ನಲ್ಲಿ ಬರೆದ. ಪುಸ್ತಕವಾಗಿ ಬಂದದ್ದು 1906ರಲ್ಲಿ. ಅದೇ ವರ್ಷ ಜೂನ್ ಕೊನೆಗೆ ಮಾಂಸ ತಪಾಸಣೆಯ ಕಾಯ್ದೆ, ಶುದ್ಧ ಆಹಾರ ಮತ್ತು ಔಷಧಗಳ ಕಾಯ್ದೆ ಎರಡಕ್ಕೂ ಅಧ್ಯಕ್ಷರ ಅಂಕಿತ ಬಿತ್ತು. ಇಷ್ಟು ಬೇಗ ಫಲ ಕಂಡ ಕಾದಂಬರಿಗಳು ವಿರಳ. ಆದರೂ ಸಿಂಕ್ಲೇರ್‌ಗೆ ಸಮಾಧಾನವಿರಲಿಲ್ಲ: ಜನರ ಹೃದಯಕ್ಕೆ ಗುರಿಯಿಟ್ಟೆ, ಅಕಸ್ಮಾತ್ತಾಗಿ ಹೊಟ್ಟೆಗೆ ತಗುಲಿತು ಎಂದ. ಕೂಲಿಯವನ ಬೆರಳು ಕತ್ತರಿಸಿದ್ದಕ್ಕೆ ಮರುಗಿದವರಿಗಿಂತ ತಮ್ಮ ಡಬ್ಬಿಯ ಮಾಂಸದಲ್ಲಿ ಏನೇನು ಸೇರಿದೆಯೋ ಎಂದು ಬೆಚ್ಚಿದವರೇ ಹೆಚ್ಚು. ಪುಸ್ತಕ ಕೇಳಿದ ಪ್ರಶ್ನೆ ಒಂದು, ಸಮಾಜ ಕೊಟ್ಟ ಉತ್ತರ ತನಗೆ ಅನುಕೂಲವಾದದ್ದು.

ಷರ್ಲಿ ಜಾಕ್ಸನ್ ಬರೆದ ‘ದಿ ಲಾಟರಿ’ ಎಂಬ ಸಣ್ಣಕಥೆಗೆ ಬಂದ ಪ್ರತಿಕ್ರಿಯೆ ಇನ್ನೂ ವಿಚಿತ್ರ. 1948ರ ಜೂನಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂತು. ಸುಂದರವಾದ ಒಂದು ಹಳ್ಳಿ. ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಚೀಟಿ ಬಂದವರನ್ನು ಊರೆಲ್ಲ ಸೇರಿ ಕಲ್ಲು ಹೊಡೆದು ಕೊಲ್ಲುತ್ತಾರೆ. ಏಕೆ ಎಂದು ಯಾರಿಗೂ ನೆನಪಿಲ್ಲ, ಹಿಂದಿನಿಂದ ನಡೆದು ಬಂದಿದೆ, ಅಷ್ಟೆ. ಆ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪತ್ರಗಳು ಬಂದವೆಂದು ಜಾಕ್ಸನ್ ಆಮೇಲೆ ಹೇಳಿದ್ದಾಳೆ. ಹೆಚ್ಚಿನವು ಗೊಂದಲದವು, ಬೈಗುಳದವು. ಕೆಲವರಂತೂ ಇಂಥ ಲಾಟರಿ ನಡೆಯುವುದು ಯಾವ ಊರಿನಲ್ಲಿ, ಹೋಗಿ ನೋಡಬಹುದೇ ಎಂದು ವಿಚಾರಿಸಿದ್ದರಂತೆ.

ನಿಮ್ಮ ಬರವಣಿಗೆಗೆ ಒಂದೆರಡು ಸಲಹೆ. ಹತ್ತು ಲೇಖಕರ ಹೆಸರನ್ನು ಸಾಲಾಗಿ ಪೇರಿಸುವ ಬದಲು ಎರಡು ಕೃತಿ ಆರಿಸಿ, ಒಂದೊಂದರಿಂದ ಒಂದೊಂದು ಪುಟ ತೆಗೆದುಕೊಳ್ಳಿ. ಆ ಪುಟದಲ್ಲಿ ರೂಢಿಯ ನಂಬಿಕೆಯನ್ನು ಯಾರು ಆಡುತ್ತಿದ್ದಾರೆ, ಅವರು ಒಳ್ಳೆಯವರೋ ಕೆಟ್ಟವರೋ, ಲೇಖಕ ಎಲ್ಲಿ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ನೋಡಿ. ಆಮೇಲೆ ಅದೇ ಕೃತಿ ಪ್ರಶ್ನಿಸದೆ ಬಿಟ್ಟದ್ದು ಯಾವುದನ್ನು ಎಂದು ಒಂದು ಪ್ಯಾರಾ ಬರೆಯಿರಿ. ‘ಹಾರ್ಡ್ ಟೈಮ್ಸ್’ ಮೊದಲ ಭಾಗದ ಎರಡನೆಯ ಮತ್ತು ಒಂಬತ್ತನೆಯ ಅಧ್ಯಾಯಗಳಿಂದ ಶುರುಮಾಡಬಹುದು, ಒಂದು ಸಂಜೆಯ ಓದು. ‘ಹಕಲ್‌ಬೆರಿ ಫಿನ್’ ಕೊಳ್ಳುವಾಗ ಮಾತ್ರ ಶಾಲಾ ಮಕ್ಕಳ ಸಂಕ್ಷಿಪ್ತ ಪ್ರತಿ ಬೇಡ. ನುಣುಪುಗೊಳಿಸಿದ ಪ್ರತಿಗಳೂ ಇವೆ: 2011ರಲ್ಲಿ ಅಮೆರಿಕದಲ್ಲಿ ಬಂದ ಒಂದು ಆವೃತ್ತಿ, ಕರಿಯರನ್ನು ಹೀಗಳೆಯುವ ಆ ಪದವನ್ನು ಇನ್ನೂರಕ್ಕೂ ಹೆಚ್ಚು ಕಡೆ ಅಳಿಸಿ ‘ಗುಲಾಮ’ ಎಂದು ಹಾಕಿತ್ತು. ಪೂರ್ತಿ ಪಠ್ಯವನ್ನೇ ತರಿಸಿಕೊಂಡು, 31 ಮತ್ತು 32ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ.